ಇಳಿವಯಸ್ಸಿನಲ್ಲಿ ಎಲುಬಿನ ಗಡ್ಡೆ: ರೋಗನಿರ್ಣಯ

ಎಲುಬಿನ ಸಹಜ ರಚನೆಯನ್ನು ಕರಗಿಸುವ, ಅತಿಯಾಗಿ ಗಟ್ಟಿಗೊಳಿಸುವ ಅಥವಾ ಅದರ ಜಾಗದಲ್ಲಿ ಬೇರೆ ಅಂಗಾಂಶ ಬೆಳೆಸುವ ವಿಕಾರಗಳು ಹಲವು. ಎಲುಬಿನಲ್ಲೇ ಹುಟ್ಟಿದ ಗಡ್ಡೆ, ಬೇರೆ ಅಂಗದಿಂದ ಹರಡಿ ಬಂದ ಕ್ಯಾನ್ಸರ್, ಅಸ್ಥಿಮಜ್ಜೆಯ ಕ್ಯಾನ್ಸರ್, ಕ್ಷಯದಂತಹ ಸೋಂಕು, ಹಾರ್ಮೋನಿನ ಏರುಪೇರು, ಟೊಳ್ಳಾದ ಎಲುಬಿನ ಕುಸಿತ ಇವೆಲ್ಲ ಎಕ್ಸ್‌ರೇ ಫಿಲ್ಮಿನ ಮೇಲೆ ಒಂದನ್ನೊಂದು ಹೋಲಬಲ್ಲವು. ಹದಿಹರೆಯದವರ ಮೊಣಕಾಲಿನ ಬಳಿ ಗಡ್ಡೆ ಕಂಡರೆ ಅದು ಎಲುಬಿನಲ್ಲೇ ಹುಟ್ಟಿದ ರೋಗವೆಂದು ಶಂಕಿಸಬೇಕು. ಆಸ್ಟಿಯೋಸಾರ್ಕೋಮಾ, ಈವಿಂಗ್ ಸಾರ್ಕೋಮಾಗಳ ವಯಸ್ಸು ಅದು. ನಲವತ್ತು ದಾಟಿದ ಮೇಲೆ ಈ ಎಣಿಕೆ ತಲೆಕೆಳಗಾಗುತ್ತದೆ. ಆಗ ಎಲುಬನ್ನು ತಿನ್ನುತ್ತಿರುವ ಗಡ್ಡೆ ಬೇರೆಡೆಯಿಂದ ಬಂದ ಕ್ಯಾನ್ಸರ್ ಅಥವಾ ಅಸ್ಥಿಮಜ್ಜೆಯ ಕ್ಯಾನ್ಸರ್ ಆದ ಮೈಲೋಮಾ ಆಗಿರುವ ಸಂಭವವೇ ಹೆಚ್ಚು. ಆದ್ದರಿಂದ ಹಿರಿಯರ ಎಲುಬಿನ ಗಡ್ಡೆಯನ್ನು ಗುರುತಿಸಬೇಕಾದರೆ ಇಡೀ ದೇಹವನ್ನು ಪರೀಕ್ಷಿಸಬೇಕು. ಈ ಪರೀಕ್ಷೆಗಳಿಗೆ ಒಂದು ಕ್ರಮವಿದೆ. ಕ್ರಮ ತಪ್ಪಿದರೆ ಒಳ್ಳೆಯ ಯಂತ್ರ, ನುರಿತ ಶಸ್ತ್ರವೈದ್ಯ ಇದ್ದೂ ರೋಗಿ ಕಾಲನ್ನೋ ಜೀವವನ್ನೋ ಕಳೆದುಕೊಳ್ಳಬಹುದು.

ಗಡಿನಾಡಿನ ಸ್ಥಿತಿ

ಬೆಳಗಾವಿ ಜಿಲ್ಲೆಯ ವಾಯವ್ಯ ಮತ್ತು ಉತ್ತರದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಈ ಕ್ರಮ ತಪ್ಪಲು ಅವಕಾಶ ಹೆಚ್ಚು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರಿನಲ್ಲಿ ಕಬ್ಬು ಬೆಳೆಯುವ ನಾಡು ಇದು. ನಿಪ್ಪಾಣಿಯ ಸುತ್ತ ಬೀಡಿ ತಂಬಾಕಿನ ಬೇಸಾಯ ಮತ್ತು ವ್ಯಾಪಾರ ತಲೆಮಾರುಗಳಿಂದ ನಡೆದು ಬಂದಿದೆ. ಹೊಲದಲ್ಲಿ ಬಾಗಿ ದುಡಿದು ಹೊರೆ ಹೊತ್ತವರಿಗೆ ಅರವತ್ತರ ಹೊತ್ತಿಗೆ ಟೊಂಕ ನೋಯುವುದು ಸಾಮಾನ್ಯ. ನೋವನ್ನು ದುಡಿಮೆಯ ಲೆಕ್ಕಕ್ಕೆ, ವಯಸ್ಸಿನ ಲೆಕ್ಕಕ್ಕೆ, ವಾಯುವಿನ ಲೆಕ್ಕಕ್ಕೆ ಬರೆದು ಎಣ್ಣೆ ತಿಕ್ಕಿ, ಸೂಜಿ ಮಾಡಿಸಿಕೊಂಡು ತಿಂಗಳುಗಳನ್ನು ಕಳೆಯುವುದೂ ಸಾಮಾನ್ಯ. ಕೊನೆಗೆ ದೊಡ್ಡ ಆಸ್ಪತ್ರೆಗೆ ಹೊರಟಾಗ ದಾರಿಗಳು ಹಲವು. ಕಾಗವಾಡ, ಅಥಣಿ, ರಾಯಬಾಗದವರಿಗೆ ಗಡಿಯಾಚೆ ಮಹಾರಾಷ್ಟ್ರದ ಮಿರಜ ಹತ್ತಿರ. ಶೇಡಬಾಳ, ಉಗಾರ ಖುರ್ದ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳ ರೈಲು ಹಳಿ ಅವರನ್ನು ನೇರ ಅಲ್ಲಿಗೆ ಒಯ್ಯುತ್ತದೆ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆರಂಭಿಸಿದ ಮಿಷನ್ ಆಸ್ಪತ್ರೆಯ ಕಾಲದಿಂದ ಆ ಊರು ಈ ಭಾಗದ ವೈದ್ಯಕೀಯ ಕೇಂದ್ರ. ನಿಪ್ಪಾಣಿಯವರು ಕೊಲ್ಹಾಪುರಕ್ಕೂ, ಚಿಕ್ಕೋಡಿಯವರು ಬೆಳಗಾವಿಯ ಬಿಮ್ಸ್ ಅಥವಾ ಕೆಎಲ್‌ಇ ಆಸ್ಪತ್ರೆಗೂ ಹೋಗುತ್ತಾರೆ. ಅಲ್ಲಿಂದ ಮುಂದೆ ಹುಬ್ಬಳ್ಳಿಯ ನವನಗರ, ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಗಳು. ಆಯ್ಕೆ ಹೆಚ್ಚಿರುವುದು ಒಳ್ಳೆಯದೇ. ಆದರೆ ಎಕ್ಸ್‌ರೇ ಒಂದೂರಲ್ಲಿ, ರಕ್ತಪರೀಕ್ಷೆ ಇನ್ನೊಂದೂರಲ್ಲಿ, ಶಸ್ತ್ರಕ್ರಿಯೆ ಮತ್ತೊಂದು ರಾಜ್ಯದಲ್ಲಿ ಆದಾಗ ಒಬ್ಬ ವೈದ್ಯರು ಕಂಡದ್ದು ಇನ್ನೊಬ್ಬರಿಗೆ ತಲುಪುವುದಿಲ್ಲ. ಬಿಡಿ ಸಂಗತಿಗಳನ್ನು ಕೂಡಿಸಿ ಓದುವವರೇ ಇಲ್ಲವಾಗುತ್ತಾರೆ.

ವಯಸ್ಸು ನೀಡುವ ಸುಳಿವು

ಎಲುಬಿನಲ್ಲೇ ಹುಟ್ಟುವ ಕ್ಯಾನ್ಸರ್ ಅಪರೂಪದ್ದು. ಎಲ್ಲ ಕ್ಯಾನ್ಸರ್‌ಗಳಲ್ಲಿ ಅದರ ಪಾಲು ಶೇಕಡ 1ಕ್ಕಿಂತ ಕಡಿಮೆ. ಎಲುಬಿಗೆ ಹರಡುವ ಕ್ಯಾನ್ಸರ್ ಅದಕ್ಕಿಂತ ಎಷ್ಟೋ ಪಟ್ಟು ಸಾಮಾನ್ಯ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್ ಈ ಐದು ಅಂಗಗಳ ಕ್ಯಾನ್ಸರ್ ಎಲುಬನ್ನು ವಿಶೇಷವಾಗಿ ಹುಡುಕಿಕೊಂಡು ಬರುತ್ತದೆ. ಬೆನ್ನೆಲುಬು, ಸೊಂಟದ ಎಲುಬು, ಪಕ್ಕೆಲುಬು, ತೊಡೆ ಮತ್ತು ತೋಳಿನ ಮೇಲ್ಭಾಗ, ಅಂದರೆ ವಯಸ್ಕರಲ್ಲಿ ಕೆಂಪು ಮಜ್ಜೆ ಉಳಿದಿರುವ ಜಾಗಗಳು, ಅದರ ನೆಲೆ. 1940ರಲ್ಲಿ ಆಸ್ಕರ್ ಬ್ಯಾಟ್ಸನ್ ಬೆನ್ನೆಲುಬಿನ ಸುತ್ತಲಿನ ಕವಾಟವಿಲ್ಲದ ರಕ್ತನಾಳಗಳ ಜಾಲವನ್ನು ವಿವರಿಸಿ, ಪ್ರಾಸ್ಟೇಟಿನ ಕ್ಯಾನ್ಸರ್ ಶ್ವಾಸಕೋಶವನ್ನು ಮುಟ್ಟದೆಯೇ ಬೆನ್ನಿಗೆ ಹೇಗೆ ತಲುಪಬಲ್ಲದು ಎಂಬುದನ್ನು ತೋರಿಸಿದರು. ಮೊಣಕೈ, ಮೊಣಕಾಲಿನ ಕೆಳಗೆ ಇಂತಹ ಗಡ್ಡೆ ವಿರಳ. ಕಂಡರೆ ಮೊದಲು ಶ್ವಾಸಕೋಶವನ್ನು ನೋಡಬೇಕು. ಬೀಡಿ ಸೇದುವುದರಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬುದು ಸಿದ್ಧವಾದ ಸಂಗತಿ. ಮೂತ್ರಪಿಂಡದ ಕ್ಯಾನ್ಸರ್‌ಗೂ ಧೂಮಪಾನ ಒಂದು ಕಾರಣ. ಹೀಗಾಗಿ ತಂಬಾಕಿನ ನಾಡಿನಲ್ಲಿ ತೊಡೆ ನೋವೆಂದು ಬಂದ ಹಿರಿಯರನ್ನು ಎಷ್ಟು ವರ್ಷ ಬೀಡಿ ಸೇದಿದಿರಿ, ಕೆಮ್ಮಿನಲ್ಲಿ ರಕ್ತ ಬಿದ್ದಿತ್ತೇ, ಮೂತ್ರ ಕೆಂಪಾಗಿತ್ತೇ ಎಂದು ಕೇಳುವುದು ಎಲುಬಿನ ಪರೀಕ್ಷೆಯ ಭಾಗವೇ ಆಗುತ್ತದೆ. ಹೆಣ್ಣುಮಕ್ಕಳು ಎದೆಯ ಗಂಟನ್ನು ಸಂಕೋಚದಿಂದ ಮುಚ್ಚಿಟ್ಟು ಬೆನ್ನುನೋವನ್ನಷ್ಟೇ ಹೇಳುವುದುಂಟು. ಹತ್ತು ವರ್ಷದ ಹಿಂದೆ ತೆಗೆಸಿದ ಗಂಟಿನ ವಿಷಯ ಕೇಳದಿದ್ದರೆ ಹೊರಬರುವುದೇ ಇಲ್ಲ.

ಎಲುಬಿನಲ್ಲೇ ಹುಟ್ಟುವ ಗಡ್ಡೆಗಳು ಹಿರಿಯರಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಮೃದ್ವಸ್ಥಿಯ ಕ್ಯಾನ್ಸರ್ ಆದ ಕಾಂಡ್ರೋಸಾರ್ಕೋಮಾ ನಲವತ್ತರಿಂದ ಎಪ್ಪತ್ತರ ನಡುವಿನದು. ಸೊಂಟ, ತೊಡೆಯ ಮೇಲ್ಭಾಗ, ಭುಜ ಅದರ ಜಾಗಗಳು. ತ್ರಿಕಾಸ್ಥಿಯಲ್ಲಿ ನಿಧಾನವಾಗಿ ಬೆಳೆದು ಮಲಬದ್ಧತೆ, ಕೂತರೆ ನೋವು ತರುವ ಕಾರ್ಡೋಮಾ ಐವತ್ತು ದಾಟಿದವರದು. ಎಲುಬಿನ ಲಿಂಫೋಮಾ ಉಂಟು. ಹಿಂದೆ ವಿಕಿರಣ ಚಿಕಿತ್ಸೆ ಪಡೆದ ಜಾಗದಲ್ಲಿ ಹುಟ್ಟುವ ಆಸ್ಟಿಯೋಸಾರ್ಕೋಮಾ ಉಂಟು. ಅಪರೂಪ ಎಂಬ ಕಾರಣಕ್ಕೇ ಇವು ಕೈತಪ್ಪುತ್ತವೆ. ಹರಡಿದ ಕ್ಯಾನ್ಸರ್ ಇರಬಹುದೆಂಬ ಶಂಕೆ ಮೊದಲು ಬರಬೇಕು, ಆದರೆ ಶಂಕೆಯೇ ತೀರ್ಪಾಗಬಾರದು.

ಎಕ್ಸ್‌ರೇ ಓದುವ ಬಗೆ

ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವ ಸಾದಾ ಎಕ್ಸ್‌ರೇ ಇಂದಿಗೂ ಮೊದಲ ಮತ್ತು ಬಹು ಉಪಯುಕ್ತ ಸಾಧನ. ಗಡ್ಡೆಯ ಅಂಚನ್ನು ಗಮನಿಸಬೇಕೆಂಬುದು ಗ್ವಿಲಿಂ ಲಾಡ್ವಿಕ್ ರೂಪಿಸಿದ ವರ್ಗೀಕರಣದ ತಿರುಳು. ಹಾನಿಯ ಸುತ್ತ ತೆಳುವಾದ ಬಿಳಿ ಗೆರೆ ಸ್ಪಷ್ಟವಾಗಿದ್ದರೆ ಅದು ನಿಧಾನವಾಗಿ ಬೆಳೆದದ್ದು. ಎಲುಬಿಗೆ ಗೋಡೆ ಕಟ್ಟಿಕೊಳ್ಳಲು ಬಿಡುವು ಸಿಕ್ಕಿದೆ. ಅಂಚು ಮಸುಕಾಗಿದ್ದು, ಹುಳು ತಿಂದ ಹಲಗೆಯಂತೆ ಸಣ್ಣ ತೂತುಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ ರೋಗ ವೇಗವಾಗಿ ಸಾಗುತ್ತಿದೆ. ಒಳಗೆ ಉಂಗುರ, ಕಮಾನಿನ ಆಕಾರದ ಸುಣ್ಣದ ಚುಕ್ಕೆಗಳಿದ್ದರೆ ಮೃದ್ವಸ್ಥಿಯ ಗಡ್ಡೆ. ಪ್ರಾಸ್ಟೇಟಿನಿಂದ ಬಂದ ಕ್ಯಾನ್ಸರ್ ಸಾಮಾನ್ಯವಾಗಿ ಎಲುಬನ್ನು ಬೆಳ್ಳಗೆ ಗಟ್ಟಿಗೊಳಿಸುತ್ತದೆ. ಮೂತ್ರಪಿಂಡ ಮತ್ತು ಥೈರಾಯ್ಡಿನದು ಕರಗಿಸುತ್ತದೆ. ಸ್ತನದ್ದು ಎರಡನ್ನೂ ಮಾಡಬಲ್ಲದು. ತಲೆಬುರುಡೆಯಲ್ಲಿ ಅಂಚಿಗೆ ಬಿಳಿ ಗೆರೆಯೇ ಇಲ್ಲದ, ಕೊರೆದು ತೆಗೆದಂತಹ ದುಂಡು ತೂತುಗಳು ಮೈಲೋಮಾದ ಗುರುತು.

ಈ ಸಾಧನಕ್ಕೆ ಎರಡು ಮಿತಿಗಳಿವೆ. ಎಲುಬಿನ ಖನಿಜಾಂಶ ಶೇಕಡ 30ರಿಂದ 50ರಷ್ಟು ಕರಗುವವರೆಗೆ ಎಕ್ಸ್‌ರೇಯಲ್ಲಿ ಹಾನಿ ಕಾಣದೆ ಹೋಗಬಹುದು. ಆದ್ದರಿಂದ ರಾತ್ರಿ ನಿದ್ದೆಗೆಡಿಸುವ, ಮಲಗಿದರೂ ಬಿಡದ ನೋವಿರುವ ಹಿರಿಯರ ಫಿಲ್ಮು ಚೆನ್ನಾಗಿದೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಇನ್ನೊಂದು, ಮೊಣಕಾಲು ನೋವೆಂದವರ ಮೊಣಕಾಲನ್ನಷ್ಟೇ ತೆಗೆದರೆ ಸೊಂಟದ ಬಳಿಯ ಗಡ್ಡೆ ಫಿಲ್ಮಿನಿಂದ ಹೊರಗುಳಿಯುತ್ತದೆ. ಸೊಂಟದ ಕೀಲಿನ ನೋವು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದು ಎಲ್ಲ ವೈದ್ಯರಿಗೂ ಗೊತ್ತಿರುವ ವಿಷಯ. ಇಡೀ ಎಲುಬನ್ನು, ಮೇಲಿನ ಮತ್ತು ಕೆಳಗಿನ ಕೀಲು ಸಮೇತ, ಎರಡು ಕೋನಗಳಿಂದ ತೆಗೆಯಬೇಕು.

ರಕ್ತ ಮತ್ತು ಮೂತ್ರ

ಚಿಕ್ಕೋಡಿಯಲ್ಲೋ ಅಥಣಿಯಲ್ಲೋ ಸಾಧಾರಣ ಪ್ರಯೋಗಾಲಯದಲ್ಲಿ ಆಗುವ ಕೆಲವು ಪರೀಕ್ಷೆಗಳು ದುಬಾರಿ ಸ್ಕ್ಯಾನಿನಷ್ಟೇ ಮಾತಾಡುತ್ತವೆ: ಹಿಮೋಗ್ಲೋಬಿನ್, ಇಎಸ್‌ಆರ್, ಕ್ರಿಯಾಟಿನಿನ್, ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್, ಒಟ್ಟು ಪ್ರೋಟೀನ್ ಮತ್ತು ಆಲ್ಬುಮಿನ್. ಬೆನ್ನುನೋವಿನ ಜೊತೆಗೆ ರಕ್ತಹೀನತೆ, ನೂರು ದಾಟಿದ ಇಎಸ್‌ಆರ್, ಏರಿದ ಕ್ರಿಯಾಟಿನಿನ್ ಇದ್ದು, ಒಟ್ಟು ಪ್ರೋಟೀನ್ ಹೆಚ್ಚಾಗಿ ಆಲ್ಬುಮಿನ್ ಕಡಿಮೆಯಿದ್ದರೆ ಅದು ಮೈಲೋಮಾ ಇರಬಹುದೆಂಬ ಬಲವಾದ ಸೂಚನೆ. ಮಜ್ಜೆಯ ಪ್ಲಾಸ್ಮಾ ಕೋಶಗಳು ಮಿತಿಮೀರಿ ಹೆಚ್ಚಿ ಒಂದೇ ಬಗೆಯ ಪ್ರೋಟೀನನ್ನು ರಕ್ತಕ್ಕೆ ಸುರಿಯುವ ರೋಗ ಇದು. ರಕ್ತದ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್, ಇಮ್ಯುನೋಫಿಕ್ಸೇಶನ್, ಫ್ರೀ ಲೈಟ್ ಚೈನ್ ಪರೀಕ್ಷೆಗಳು ಅದನ್ನು ಹಿಡಿಯುತ್ತವೆ. ಮಜ್ಜೆಯ ಪರೀಕ್ಷೆ ಖಚಿತಪಡಿಸುತ್ತದೆ. ಮೂತ್ರದಲ್ಲಿ ಪಟ್ಟಿ ಅದ್ದಿ ನೋಡುವ ಪರೀಕ್ಷೆ ಮುಖ್ಯವಾಗಿ ಆಲ್ಬುಮಿನ್‌ಗೆ ಬಣ್ಣ ತೋರಿಸುತ್ತದೆ. ಹೆನ್ರಿ ಬೆನ್ಸ್ ಜೋನ್ಸ್ 1840ರ ದಶಕದಲ್ಲಿ ವಿವರಿಸಿದ ಮೈಲೋಮಾದ ಪ್ರೋಟೀನ್ ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗೆಯೇ ಟೆಕ್ನೀಶಿಯಂ ಬೋನ್ ಸ್ಕ್ಯಾನ್ ಹೊಸ ಎಲುಬು ಕಟ್ಟುತ್ತಿರುವ ಜಾಗವನ್ನು ತೋರಿಸುವಂಥದ್ದು. ಮೈಲೋಮಾ ಎಲುಬನ್ನು ಕರಗಿಸುತ್ತದೆಯೇ ಹೊರತು ಕಟ್ಟಲು ಬಿಡುವುದಿಲ್ಲ. ಆದ್ದರಿಂದ ಆ ಸ್ಕ್ಯಾನ್ ಸರಿಯಿದೆ ಎಂದ ಮಾತ್ರಕ್ಕೆ ಮೈಲೋಮಾ ಇಲ್ಲ ಎನ್ನಲಾಗದು. ಇಡೀ ದೇಹದ ಕಡಿಮೆ ವಿಕಿರಣದ ಸಿಟಿ, ಎಂಆರ್‌ಐ ಅಥವಾ ಪೆಟ್ ಸ್ಕ್ಯಾನ್ ಇಲ್ಲಿ ನೆರವಿಗೆ ಬರುತ್ತವೆ.

ಕ್ಯಾಲ್ಸಿಯಂ ಏರಿದ್ದರೆ ಎರಡು ಕಾರಣಕ್ಕೆ ಎಚ್ಚರ ಬೇಕು. ಬಾಯಾರಿಕೆ, ಮಲಬದ್ಧತೆ, ಪದೇಪದೇ ಮೂತ್ರ, ಮಂಕುತನ ಇವನ್ನು ಮುಪ್ಪಿನ ಲಕ್ಷಣವೆಂದು ಮನೆಯವರು ಬಿಟ್ಟುಬಿಡುತ್ತಾರೆ. ನಿಜದಲ್ಲಿ ಅದು ತುರ್ತು ಚಿಕಿತ್ಸೆ ಬೇಡುವ ಸ್ಥಿತಿ. ಜೊತೆಗೆ, ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿಸ್ರಾವದಿಂದಲೂ ಎಲುಬಿನಲ್ಲಿ ಕ್ಯಾನ್ಸರಿನಂತೆಯೇ ಕಾಣುವ ಕಂದು ಗಡ್ಡೆಗಳಾಗುತ್ತವೆ. ಪಿಟಿಎಚ್ ಎಂಬ ಒಂದು ಹಾರ್ಮೋನ್ ಪರೀಕ್ಷೆ ಅದನ್ನು ಬಯಲು ಮಾಡುತ್ತದೆ. ಕತ್ತಿನ ಸಣ್ಣ ಗ್ರಂಥಿಯನ್ನು ತೆಗೆದರೆ ಎಲುಬು ಮತ್ತೆ ತುಂಬಿಕೊಳ್ಳುತ್ತದೆ. ಗಂಡಸರಿಗೆ ಪ್ರಾಸ್ಟೇಟಿನ ಪಿಎಸ್‌ಎ ಪರೀಕ್ಷೆ, ಹೆಂಗಸರಿಗೆ ಸ್ತನ ಪರೀಕ್ಷೆ ಮತ್ತು ಮ್ಯಾಮೊಗ್ರಫಿ, ಎಲ್ಲರಿಗೂ ಎದೆ ಮತ್ತು ಹೊಟ್ಟೆಯ ಸಿಟಿ ಇದೇ ಹಂತದಲ್ಲಿ ಆಗಬೇಕು.

ಬೆನ್ನೆಲುಬು: ಕ್ಷಯವೋ ಕ್ಯಾನ್ಸರೋ

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದವರು. ಎಲುಬು ಕೀಲುಗಳ ಕ್ಷಯದಲ್ಲಿ ಅರ್ಧದಷ್ಟು ಬೆನ್ನೆಲುಬಿನದೇ. ಹೀಗಿರುವಾಗ ಬೆನ್ನಿನ ಮಣಿ ಕರಗಿದ್ದರೆ ಮೊದಲು ಕ್ಷಯದ ಮಾತ್ರೆ ಕೊಟ್ಟು ನೋಡೋಣ, ದೂರದ ನಗರಕ್ಕೆ ಅಲೆದಾಡಿಸುವುದೇಕೆ ಎಂಬ ವಾದವಿದೆ. ಈ ವಾದದಲ್ಲಿ ಅನುಭವದ ಬಲವಿದೆ. ಯುವಕನ ವಿಷಯದಲ್ಲಿ ಅದು ಎಷ್ಟೋ ಬಾರಿ ಫಲ ಕೊಟ್ಟಿದೆ. ಆದರೆ ಅರವತ್ತೈದರವರಲ್ಲಿ ಸಂಭವದ ತೂಕ ಬೇರೆ. ಮಾತ್ರೆಯ ಪರಿಣಾಮ ತಿಳಿಯಲು ತಿಂಗಳುಗಳು ಬೇಕು. ಆ ತಿಂಗಳುಗಳಲ್ಲಿ ಮೈಲೋಮಾ ಮೂತ್ರಪಿಂಡವನ್ನು ಕೆಡಿಸಬಹುದು, ಗಡ್ಡೆ ಬೆನ್ನುಹುರಿಯನ್ನು ಒತ್ತಿ ಕಾಲು ಸೋಲಿಸಬಹುದು. ಮೇಲಾಗಿ ನೋವಿನ ಮಾತ್ರೆ, ವಿಶ್ರಾಂತಿಯಿಂದ ತುಸು ಗುಣ ಕಂಡರೂ ಅದನ್ನು ಕ್ಷಯದ ಔಷಧಿಯ ಫಲವೆಂದು ತಪ್ಪಾಗಿ ಎಣಿಸುವ ಅಪಾಯವಿದೆ.

ಎಂಆರ್‌ಐ ಈ ಗೊಂದಲವನ್ನು ಬಹಳಷ್ಟು ಬಿಡಿಸುತ್ತದೆ. ಕ್ಷಯ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಮಣಿಗಳನ್ನೂ ನಡುವಿನ ಡಿಸ್ಕನ್ನೂ ಹಿಡಿದು, ಪಕ್ಕದಲ್ಲಿ ಕೀವಿನ ಚೀಲ ಬೆಳೆಸುತ್ತದೆ. ಕ್ಯಾನ್ಸರ್ ಡಿಸ್ಕನ್ನು ಬಿಟ್ಟು ಮಣಿಯನ್ನೂ ಅದರ ಹಿಂಬದಿಯ ಪೆಡಿಕಲನ್ನೂ ತಿನ್ನುತ್ತದೆ. ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಜೋಡಿ ಕಣ್ಣಿನಂತೆ ಕಾಣಬೇಕಾದ ಪೆಡಿಕಲ್‌ಗಳಲ್ಲಿ ಒಂದು ಮಾಯವಾಗಿರುತ್ತದೆ. ಟೊಳ್ಳಾದ ಎಲುಬು ಕುಸಿದಾಗ ಮಣಿಯೊಳಗೆ ಗಾಳಿ ಅಥವಾ ದ್ರವ ತುಂಬಿದ ಬಿರುಕು ಕಾಣಬಹುದು. ಕ್ಯಾನ್ಸರ್‌ನಿಂದ ಕುಸಿದದ್ದರಲ್ಲಿ ಮಣಿಯ ಹಿಂಗೋಡೆ ದುಂಡಗೆ ಉಬ್ಬಿ ಬೆನ್ನುಹುರಿಯತ್ತ ಬಾಗಿರುತ್ತದೆ. ದನ, ಕುರಿ, ಆಡುಗಳ ನಡುವೆ ಬದುಕುವ, ಹಸಿ ಹಾಲು ಕುಡಿಯುವವರಲ್ಲಿ ಬ್ರುಸೆಲ್ಲಾ ಸೋಂಕೂ ಸೊಂಟದ ಮಣಿಗಳನ್ನು ಹಿಡಿಯುತ್ತದೆ. ಕೇಳಿದರೆ ತಿಳಿಯುತ್ತದೆ, ರಕ್ತಪರೀಕ್ಷೆಯಿಂದ ಪತ್ತೆಯಾಗುತ್ತದೆ. ಆದರೂ ಈ ಲಕ್ಷಣಗಳಲ್ಲಿ ಯಾವುದೂ ಕೊನೆಯ ಮಾತಲ್ಲ. ಡಿಸ್ಕನ್ನು ಬಿಟ್ಟು ಹಿಂಭಾಗವನ್ನಷ್ಟೇ ಹಿಡಿಯುವ ಕ್ಷಯವೂ ಇದೆ. ತುಣುಕು ತೆಗೆದು ನೋಡದೆ ಖಚಿತವಾಗುವುದಿಲ್ಲ.

ಬಯಾಪ್ಸಿ

ಬಯಾಪ್ಸಿ ಬಿಡುವಂತಿಲ್ಲ; ಆದರೆ ಅದು ಕೊನೆಯ ಹೆಜ್ಜೆ. ಮೊದಲೇ ಚುಚ್ಚಿ ನೋಡಿದರೆ ಉಳಿದ ಖರ್ಚು ಉಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇದಕ್ಕೆ 1993ರಲ್ಲಿ ರೂಗ್ರಾಫ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೇ ಉತ್ತರ. ಕ್ಯಾನ್ಸರ್ ಎಲ್ಲಿಂದ ಬಂದಿತೆಂದು ತಿಳಿಯದೆ ಎಲುಬಿಗೆ ಹರಡಿದ್ದ 40 ರೋಗಿಗಳನ್ನು ಅವರು ಕ್ರಮವಾಗಿ ಪರೀಕ್ಷಿಸಿದರು. ರೋಗದ ಇತಿಹಾಸ, ಮೈ ಪರೀಕ್ಷೆ, ರಕ್ತ, ಎದೆಯ ಎಕ್ಸ್‌ರೇ, ಸಿಟಿ, ಬೋನ್ ಸ್ಕ್ಯಾನ್ ಇಷ್ಟರಿಂದಲೇ 34 ಮಂದಿಯಲ್ಲಿ, ಅಂದರೆ ಶೇಕಡ 85ರಷ್ಟು ರೋಗಿಗಳಲ್ಲಿ, ಮೂಲ ಪತ್ತೆಯಾಯಿತು. ಬಯಾಪ್ಸಿಯಿಂದಷ್ಟೇ ಮೂಲ ತಿಳಿದವರು ತೀರಾ ಕಡಿಮೆ. ಮೊದಲೇ ಚುಚ್ಚುವುದರಲ್ಲಿ ಬೇರೆ ತೊಂದರೆಗಳೂ ಇವೆ. ಮೂತ್ರಪಿಂಡ, ಥೈರಾಯ್ಡಿನಿಂದ ಬಂದ ಗಡ್ಡೆ ರಕ್ತದಿಂದ ತುಂಬಿರುತ್ತದೆ, ಮುಟ್ಟಿದರೆ ಧಾರಾಕಾರ ಸುರಿಯುತ್ತದೆ. ಮೈಲೋಮಾ ಆಗಿದ್ದರೆ ರಕ್ತ ಮತ್ತು ಮಜ್ಜೆಯ ಪರೀಕ್ಷೆಯಲ್ಲೇ ಮುಗಿಯುತ್ತಿತ್ತು. ಬಯಾಪ್ಸಿಯ ನಂತರ ತೆಗೆದ ಎಂಆರ್‌ಐಯಲ್ಲಿ ಗಡ್ಡೆಯೆಷ್ಟು, ಚುಚ್ಚಿದ್ದರಿಂದಾದ ರಕ್ತದ ಬಾವೆಷ್ಟು ಎಂದು ಬಿಡಿಸುವುದು ಕಷ್ಟ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಹಳ್ಳಿ ಪಟ್ಟಣಗಳಲ್ಲಿ ಗಟ್ಟಿಯಾಗಿದೆ. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಕೆಟ್ಟದಾಗಿ ಮಾಡಿದ ಬಯಾಪ್ಸಿ ನಿಜಕ್ಕೂ ಹಾನಿ ಮಾಡುತ್ತದೆ. ಹೆನ್ರಿ ಮ್ಯಾನ್ಕಿನ್ 1982ರಲ್ಲಿ 329 ಮತ್ತು 1996ರಲ್ಲಿ 597 ರೋಗಿಗಳ ದಾಖಲೆ ಸೇರಿಸಿ ಈ ಹಾನಿಯನ್ನು ಲೆಕ್ಕ ಹಾಕಿದರು. ಚಿಕಿತ್ಸೆ ನೀಡುವ ಕೇಂದ್ರದಲ್ಲಿ ಆಗುವುದಕ್ಕಿಂತ, ರೋಗಿಯನ್ನು ಮುಂದೆ ಕಳಿಸುವ ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿದಾಗ ತಪ್ಪು ಮತ್ತು ತೊಡಕುಗಳು 2ರಿಂದ 12 ಪಟ್ಟು ಹೆಚ್ಚಿದ್ದವು. 1996ರ ವರದಿಯಲ್ಲಿ 18 ಮಂದಿ ಅನಗತ್ಯವಾಗಿ ಅಂಗ ಕಳೆದುಕೊಂಡಿದ್ದರು. ಇದರಿಂದ ಬಯಾಪ್ಸಿ ಬೇಡ ಎಂಬ ತೀರ್ಮಾನ ಬರುವುದಿಲ್ಲ. ಗಡ್ಡೆಯನ್ನು ಕೊನೆಗೆ ಯಾರು ತೆಗೆಯುತ್ತಾರೋ ಅವರ ಕೈಯಲ್ಲಿ ಅಥವಾ ಅವರ ಸೂಚನೆಯಂತೆ ಆಗಬೇಕು ಎಂಬ ತೀರ್ಮಾನ ಬರುತ್ತದೆ. ಸೂಜಿಯ ದಾರಿ ಮುಂದಿನ ಶಸ್ತ್ರಕ್ರಿಯೆಯ ಗೆರೆಯ ಮೇಲೆಯೇ ಇರಬೇಕು, ಏಕೆಂದರೆ ಆ ದಾರಿಯನ್ನೂ ಗಡ್ಡೆಯೊಡನೆ ಕತ್ತರಿಸಿ ತೆಗೆಯಬೇಕಾಗುತ್ತದೆ. ಕೈಕಾಲಿನ ಮೇಲೆ ಅಡ್ಡ ಕೊಯ್ತ ಕೂಡದು. ದಪ್ಪ ಸೂಜಿಯಿಂದ ತೆಗೆದ ತುಣುಕುಗಳನ್ನು ಎರಡು ಬಾಟಲಿಗೆ ಹಂಚಬೇಕು: ಒಂದು ಫಾರ್ಮಲಿನ್‌ನಲ್ಲಿ ಪೆಥಾಲಜಿಗೆ, ಇನ್ನೊಂದು ಸಲೈನ್‌ನಲ್ಲಿ ಕಲ್ಚರ್ ಮತ್ತು ಕ್ಷಯದ ಸಿಬಿನ್ಯಾಟ್ ಪರೀಕ್ಷೆಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸತ್ತು, ಕ್ಷಯವೇ ಎಂಬ ಪ್ರಶ್ನೆಗೆ ಕಲ್ಚರಿನಿಂದ ಉತ್ತರ ಸಿಗದು. ಎಲುಬಿನ ತುಣುಕಿನಿಂದ ಸುಣ್ಣ ಕರಗಿಸಲು ದಿನಗಳು ಬೇಕಾಗುವುದರಿಂದ ವರದಿ ತಡವಾಗುವುದು ಸಹಜ. ಎಕ್ಸ್‌ರೇ, ಎಂಆರ್‌ಐ ಫಿಲ್ಮುಗಳು ಪೆಥಾಲಜಿಸ್ಟರ ಮೇಜಿಗೂ ಹೋಗಬೇಕು. ಸೂಕ್ಷ್ಮದರ್ಶಕದಡಿ ನಿರುಪದ್ರವಿ ಮೃದ್ವಸ್ಥಿ ಗಡ್ಡೆಗೂ ಕೆಳದರ್ಜೆಯ ಕಾಂಡ್ರೋಸಾರ್ಕೋಮಾಕ್ಕೂ ಅಂತರ ಅಷ್ಟು ತೆಳು.

ಮುರಿದ ಎಲುಬು

ಹೊಲದ ಬದುವಿನಲ್ಲಿ ಹಗುರಾಗಿ ಎಡವಿ ತೊಡೆ ಎಲುಬು ಮುರಿದರೆ, ಮುರಿಯುವ ಮುನ್ನ ವಾರಗಟ್ಟಲೆ ಅಲ್ಲಿ ನೋವಿದ್ದರೆ, ಅದು ಬರಿಯ ಮುರಿತವಲ್ಲ. ಇಲ್ಲಿ ಅವಸರವೇ ದೊಡ್ಡ ಅಪಾಯ. ಹರಡಿದ ಕ್ಯಾನ್ಸರ್ ಎಂದು ಊಹಿಸಿ ಎಲುಬಿನ ಉದ್ದಕ್ಕೂ ರಾಡು ಹಾಕಿಬಿಟ್ಟ ಮೇಲೆ ಅದು ಕಾಂಡ್ರೋಸಾರ್ಕೋಮಾ ಎಂದು ತಿಳಿದರೆ, ರಾಡಿನೊಡನೆ ಗಡ್ಡೆಯ ಕೋಶಗಳು ಎಲುಬಿನ ತುದಿಯವರೆಗೂ ತಲುಪಿರುತ್ತವೆ. ಗುಣವಾಗಬಹುದಾಗಿದ್ದ ರೋಗಕ್ಕೆ ಕಾಲನ್ನೇ ಕೊಡಬೇಕಾಗುತ್ತದೆ. ಕೆಲವು ದಿನ ಕಾಲನ್ನು ಎಳೆತದಲ್ಲಿಟ್ಟು ಪರೀಕ್ಷೆ ಮುಗಿಸುವುದರಿಂದ ಅಂತಹ ನಷ್ಟವಿಲ್ಲ. ಇನ್ನೂ ಮುರಿಯದ ಎಲುಬಿಗೆ ಮಿರೆಲ್ಸ್ 1989ರಲ್ಲಿ ಸೂಚಿಸಿದ ಅಂಕಪದ್ಧತಿ ನೆರವಾಗುತ್ತದೆ: ಜಾಗ, ನೋವು, ಗಡ್ಡೆಯ ಬಗೆ, ಗಾತ್ರ ಪ್ರತಿಯೊಂದಕ್ಕೂ 1ರಿಂದ 3 ಅಂಕ. ಒಟ್ಟು 9 ಅಥವಾ ಹೆಚ್ಚಾದರೆ ಮುರಿಯುವ ಮೊದಲೇ ಬಲಪಡಿಸುವುದು ಒಳ್ಳೆಯದು.

ಎರಡು ಆಕ್ಷೇಪಗಳು

ಇಷ್ಟೆಲ್ಲ ಪರೀಕ್ಷೆಯಿಂದ ಅನಗತ್ಯ ಭಯ ಹುಟ್ಟುವುದಿಲ್ಲವೇ ಎಂಬುದು ಒಂದು ಆಕ್ಷೇಪ. ಹುಟ್ಟುತ್ತದೆ, ಎಲ್ಲರಿಗೂ ಎಲ್ಲವನ್ನೂ ಮಾಡಿದರೆ. ಬೆನ್ನುಮಣಿಯ ಹಿಮ್ಯಾಂಜಿಯೋಮಾ, ಎಲುಬಿನೊಳಗಿನ ಗಟ್ಟಿ ಚುಕ್ಕೆ, ಸವೆದ ಕೀಲಿನ ಪಕ್ಕದ ನೀರುಗುಳ್ಳೆ ಇವು ಹಿರಿಯರಲ್ಲಿ ಪದೇಪದೇ ಕಾಣುವ ನಿರುಪದ್ರವಿ ಸಂಗತಿಗಳು. ಅನುಭವಿ ರೇಡಿಯಾಲಜಿಸ್ಟರು ನೋಡಿದರೆ ಸಾಕು, ಚುಚ್ಚುವ ಅಗತ್ಯವಿಲ್ಲ. ಇಲ್ಲಿ ಹೇಳಿದ ಕ್ರಮ ರಾತ್ರಿನೋವು, ತೂಕ ಇಳಿಕೆ, ರಕ್ತಹೀನತೆ, ಹಳೆಯ ಕ್ಯಾನ್ಸರ್, ಎಲುಬು ತಿನ್ನುತ್ತಿರುವ ಚಿತ್ರ ಇರುವವರಿಗೆ.

ವಯಸ್ಸಾಗಿದೆ, ತಿಳಿದು ಮಾಡುವುದೇನು, ಇರುವಷ್ಟು ದಿನ ಸುಖವಾಗಿರಲಿ ಎಂಬುದು ಇನ್ನೊಂದು ಮಾತು, ಮತ್ತು ಅದು ಹೆಚ್ಚಾಗಿ ಪ್ರೀತಿಯಿಂದಲೇ ಬರುವ ಮಾತು. ಆದರೆ ರೋಗದ ಹೆಸರು ತಿಳಿಯದೆ ಸುಖ ಕೊಡಲಾಗುವುದಿಲ್ಲ. ಎಲುಬಿಗೆ ಹರಡಿದ ಕ್ಯಾನ್ಸರಿನ ನೋವಿಗೆ ಒಂದೇ ಸಲ ಕೊಡುವ 8 ಗ್ರೇ ವಿಕಿರಣ, ಹತ್ತು ದಿನದ ಚಿಕಿತ್ಸೆಯಷ್ಟೇ ನೋವು ತಗ್ಗಿಸುತ್ತದೆ. ಪ್ರಾಸ್ಟೇಟ್, ಸ್ತನದ ಕ್ಯಾನ್ಸರ್ ಎಲುಬಿಗೆ ಹರಡಿದ ಮೇಲೂ ಹಾರ್ಮೋನ್ ಚಿಕಿತ್ಸೆಯಿಂದ ವರ್ಷಗಟ್ಟಲೆ ನೆಮ್ಮದಿ ಸಿಗಬಲ್ಲದು. ಮೈಲೋಮಾ ಇಂದು ಔಷಧಿಗಳಿಂದ ಹತೋಟಿಗೆ ಬರುವ ರೋಗ. ಬೆನ್ನುಹುರಿ ಒತ್ತಿಹೋಗಿ ಕಾಲು ಸೋಲುತ್ತಿದ್ದರೆ, ಮೂತ್ರ ಕಟ್ಟಿದರೆ, ಅದೇ ದಿನ ಚಿಕಿತ್ಸೆ ಸಿಕ್ಕಿದವರು ನಡೆಯುವ ಸಂಭವ ಹೆಚ್ಚು. ವಾರ ಕಳೆದು ಬಂದವರು ಹಾಸಿಗೆ ಹಿಡಿಯುವ ಸಂಭವ ಹೆಚ್ಚು.

ಈ ಐದು ತಾಲ್ಲೂಕುಗಳಲ್ಲಿ ಮಾಡಬೇಕಾದದ್ದು ಹೊಸ ಯಂತ್ರ ತರುವುದಕ್ಕಿಂತ ಮೊದಲು ಇರುವ ಸೌಲಭ್ಯವನ್ನು ಸರಿಯಾದ ಕ್ರಮದಲ್ಲಿ ಬಳಸುವುದು. ತಾಲ್ಲೂಕಿನಲ್ಲಿ ರೋಗದ ಇತಿಹಾಸ, ಪೂರ್ತಿ ಎಲುಬಿನ ಎಕ್ಸ್‌ರೇ, ರಕ್ತಪರೀಕ್ಷೆ. ಬೆಳಗಾವಿ, ಮಿರಜ ಅಥವಾ ಕೊಲ್ಹಾಪುರದಲ್ಲಿ ಸ್ಕ್ಯಾನ್. ಬಯಾಪ್ಸಿ ಮಾತ್ರ ಚಿಕಿತ್ಸೆ ನಡೆಯುವ ಕಡೆ. ಹಿರಿಯರನ್ನು ಕರೆದೊಯ್ಯುವ ಮಕ್ಕಳು, ಸೊಸೆಯಂದಿರು ಎಲ್ಲ ಫಿಲ್ಮು, ವರದಿ, ಹಳೆಯ ಶಸ್ತ್ರಕ್ರಿಯೆಯ ಕಾಗದಗಳನ್ನು ತಾರೀಖಿನ ಪ್ರಕಾರ ಒಂದೇ ಚೀಲದಲ್ಲಿಟ್ಟುಕೊಂಡು ಪ್ರತಿ ಆಸ್ಪತ್ರೆಯಲ್ಲೂ ತೋರಿಸಬೇಕು; ಚುಚ್ಚುವ ಅಥವಾ ರಾಡು ಹಾಕುವ ಮುನ್ನ ಇದು ಎಲ್ಲಿಂದ ಬಂದ ಗಡ್ಡೆ ಎಂದು ನೋಡಿದ್ದೀರಾ ಎಂದು ವೈದ್ಯರನ್ನು ಕೇಳಬೇಕು.